ಸೈನ್ಯಕ್ಕೆ ಮಣ್ಣು ಮೆತ್ತಿದ ವರ್ಷ

ನನ್ನ ಗಂಡ ಜೆ.ಪಿ. ನಗರದಲ್ಲಿ ಪೇಂಟು ಮತ್ತು ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಹೊಸ ಮನೆ ಕಟ್ಟುವವರು, ಬಾಡಿಗೆಗೆ ಕೊಡುವ ಮುಂಚೆ ಗೋಡೆಗೆ ಬಣ್ಣ ಹೊಡೆಸುವವರು, ನಲ್ಲಿ ಕೆಟ್ಟುಹೋದವರು, ಎಲ್ಲರೂ ಬರುವ ಅಂಗಡಿ. ಕೆಲವು ವರ್ಷಗಳ ಹಿಂದೆ ಒಂದು ದಿನ ಅಲ್ಲಿಗೆ ಒಬ್ಬರು ಬಂದು, ಹೊಳಪಿಲ್ಲದ ಕಪ್ಪು ಪ್ರೈಮರಿನ ಸ್ಪ್ರೇ ಡಬ್ಬಿ ಇದೆಯೇ ಎಂದು ಕೇಳಿದರು. ಗೇಟಿಗೋ, ಕಿಟಕಿ ಸರಳಿಗೋ ಎಂದು ಇವರು ವಿಚಾರಿಸಿದಾಗ, ಬಂದವರು ಜೇಬಿಗೆ ಕೈ ಹಾಕಿ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಒಬ್ಬ ಪ್ಲಾಸ್ಟಿಕ್ ಸೈನಿಕನನ್ನು ತೆಗೆದು ಕೌಂಟರಿನ ಮೇಲೆ ನಿಲ್ಲಿಸಿದರು.

"ಇವನಿಗೆ ಸಾರ್," ಎಂದರು.

ಬಂದವರು ಅರೆಕೆರೆಯಲ್ಲಿ ನಾಯಿ, ಬೆಕ್ಕು, ಹಸುಗಳಿಗೆ ಔಷಧಿ ಕೊಡುವ ಡಾಕ್ಟರು. ವಯಸ್ಸಿನಲ್ಲಿ ಇವರಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಒಂದು ಆಟದ ಹುಚ್ಚು ಅವರಿಗೆ. ಇಂಥ ಪುಟಾಣಿ ಸೈನಿಕರನ್ನು ಬಿಡಿಬಿಡಿ ಭಾಗಗಳಾಗಿ ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ಒಂದು ಸೈನ್ಯ ಕಟ್ಟಬೇಕು. ಆಮೇಲೆ ಊಟದ ಮೇಜಿಗಿಂತ ದೊಡ್ಡ ಮೇಜಿನ ಮೇಲೆ ಇನ್ನೊಬ್ಬರ ಸೈನ್ಯದ ಜೊತೆ ಯುದ್ಧ ಮಾಡಬೇಕು. ಟೇಪಿನಲ್ಲಿ ಅಳೆದು ನಡೆಸುವುದು, ದಾಳ ಉರುಳಿಸಿ ಗುಂಡು ಹಾರಿಸುವುದು. ಅಂಗಡಿ ಮುಚ್ಚುವ ಹೊತ್ತಿಗೆ ಮತ್ತೆ ಬಂದ ಆ ಡಾಕ್ಟರು ಬಣ್ಣ ಹಚ್ಚಿ ಮುಗಿಸಿದ ಒಬ್ಬ ಸೈನಿಕನನ್ನು ತೋರಿಸಿದ್ದರಂತೆ. ಗೋಡೆಗಳಿಗೆ ಬಕೆಟ್ಟುಗಟ್ಟಲೆ ಬಣ್ಣ ಮಾರುತ್ತಿದ್ದ ನನ್ನ ಗಂಡ ಆ ಸೈನಿಕನ ಕೋಟಿನ ಗುಂಡಿಯನ್ನು ನೋಡಿ ಬಂದು, ನನ್ನ ಮುಂದೆ ಕೂತು, "ಸಾಸಿವೆ ಕಾಳಿಗಿಂತ ಚಿಕ್ದು ಕಣೇ. ಅದಕ್ಕೂ ನೆರಳು ಕೊಟ್ಟಿದಾರೆ!" ಎಂದು ಹೇಳಿದ ರೀತಿ ನನಗಿನ್ನೂ ನೆನಪಿದೆ. ಅವರು ಮೆಚ್ಚಿ ಮಾತಾಡುವುದೇ ಅಪರೂಪ.

ವರ್ಷದೊಳಗೆ ನಮ್ಮ ಮನೆಯ ಹಿಂದಿನ ಕೋಣೆ ಸೈನ್ಯದ ಪಾಲಾಯಿತು. ನಮ್ಮ ಮನೆ ಪುಟ್ಟೇನಹಳ್ಳಿಯಲ್ಲಿ. ನನ್ನ ಗಂಡನ ಕಡೆಯವರು ಈ ಊರಿನವರೇ. ಕೆರೆಯ ಪಕ್ಕ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ನಮ್ಮ ಮೂರಂತಸ್ತಿನ ಕಟ್ಟಡ ನಿಂತಿದೆ, ಮೇಲೆ ಬಾಡಿಗೆಯವರು, ಕೆಳಗೆ ನಾವು ಮತ್ತು ನಮ್ಮ ಅತ್ತೆ. ನಾನು ತುಮಕೂರಿನವಳು, ಜಯನಗರದ ಒಂದು ವಿಮೆ ಕಚೇರಿಯಲ್ಲಿ ಕೆಲಸ. ಭಾನುವಾರ ಮಧ್ಯಾಹ್ನ ಇವರು ಕಿಟಕಿ ಪಕ್ಕ ಕೂತು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಕಟ್ಟಿಕೊಂಡು, ಉಸಿರು ಹಿಡಿದು ಬೆಲ್ಟಿಗೆ ಗೆರೆ ಎಳೆಯುತ್ತಿದ್ದರೆ, ನಾನು ಬಾಗಿಲಲ್ಲಿ ನಿಂತು ಏನಾದರೂ ಕೇಳುವುದಕ್ಕೂ ಹಿಂಜರಿಯುತ್ತಿದ್ದೆ.

ಸೈನಿಕರಿಗೆ ಅಚ್ಚುಕಟ್ಟಾಗಿ ಬಣ್ಣ ಹಚ್ಚಿದ ಮೇಲೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಚೆಂದ ಮಾಡಿದ್ದನ್ನು ಕೊಳೆ ಮಾಡುತ್ತಿದ್ದರು. ಸೈನ್ಯದ ಜೊತೆಗಿನ ಪುಟ್ಟ ಯುದ್ಧ ಟ್ಯಾಂಕಿನ ಅಂಚಿಗೆ ಸ್ಪಂಜಿನ ಚೂರಿನಿಂದ ಕಡುಕಂದು ಚುಕ್ಕೆ ಒತ್ತಿದರೆ ಬಣ್ಣ ಎದ್ದುಹೋದಂತೆ ಕಾಣುತ್ತಿತ್ತು. ಬೋಲ್ಟುಗಳ ಕೆಳಗೆ ತುಕ್ಕು ಇಳಿದ ಗೆರೆಗಳು. ಕೋಟಿನ ತುದಿಗೆ ಕೆಸರು. ಇದಕ್ಕಾಗಿಯೇ ಪುಟ್ಟ ಸೀಸೆಗಳಲ್ಲಿ ಬಣ್ಣಬಣ್ಣದ ಮಣ್ಣಿನ ಪುಡಿ ಸಿಗುತ್ತದೆ. ಅದರ ಪಾರ್ಸೆಲ್ ಬಂದ ದಿನ ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನೋ ಇದು?"

"ಮಣ್ಣು ಕಣಮ್ಮ."

"ಮಣ್ಣಾ? ದುಡ್ಡು ಕೊಟ್ಟು ಮಣ್ಣು ತರಿಸ್ದಾ? ಈ ಕಾಲಲ್ಲಿ ಹತ್ತಿದ್ ಮಣ್ಣು ತೊಳ್ಯೋದ್ರಲ್ಲೇ ನನ್ ಅರ್ಧ ಆಯಸ್ಸು ಹೋಯ್ತು. ನೀನು ಬಾಟ್ಲಲ್ಲಿ ತರಿಸ್ತಿದೀಯ!"

ಇವರು ನಕ್ಕರು. ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ವೆದರಿಂಗ್ ಎಂದೇನೋ ಹೆಸರಿದೆ. ನಮ್ಮ ಮನೆಯಲ್ಲಿ ಅದು 'ಹಳೇದು ಮಾಡೋದು' ಅಂತಲೇ ಆಯಿತು. "ಏನ್ರೀ ಮಾಡ್ತಿದೀರ?" "ಟ್ಯಾಂಕ್ ಹಳೇದು ಮಾಡ್ತಿದೀನಿ." ಯಾಕೆ ಹಳೆಯದು ಮಾಡಬೇಕು ಎಂದು ಕೇಳಿದ್ದಕ್ಕೆ ಅವರು ತಮ್ಮ ಸೈನ್ಯದ ಕಥೆ ಹೇಳಿದ್ದರು. ಅದು ಅವರೇ ಕಲ್ಪಿಸಿಕೊಂಡ ಒಂದು ದೇಶದ ಸೈನ್ಯ. ಎಲ್ಲೋ ದೂರದಲ್ಲಿ ಯುದ್ಧ ಸೋತು, ವರ್ಷಗಟ್ಟಲೆ ನಡೆದು ವಾಪಸ್ ಬರುತ್ತಿದೆ. ದಾರಿಯಲ್ಲಿ ಅಡ್ಡ ಬಂದವರ ಜೊತೆ ಮಾತ್ರ ಹೊಡೆದಾಟ. "ಗೆದ್ದಿರೋರ ಸೈನ್ಯ ಎಲ್ರ ಹತ್ರಾನೂ ಇದೆ. ಅದ್ರಲ್ಲಿ ಏನಿದೆ?" ಎಂದಿದ್ದರು.

ಅರ್ಧ ಸೈನ್ಯ ಮುಗಿದಿತ್ತು. ಆಗಲೇ ಇವರಿಗೆ ಪಾರ್ಶ್ವವಾಯು ಹೊಡೆಯಿತು.

ಬೆಳಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ಆನ್ ಮಾಡಿ ಕೂತಿದ್ದೆ ಅಷ್ಟೆ. ಅಂಗಡಿಯಲ್ಲಿ ಲೆಕ್ಕ ನೋಡುವ ಹೆಂಗಸಿನ ಫೋನು. "ಅಕ್ಕ, ಸಾರ್‌ದು ಮಾತು ತೊದಲ್ತಾ ಇದೆ. ಬಾಯಿ ಒಂದ್ ಕಡೆ ಎಳ್ಕೊಂಡಿದೆ. ನಾವು ಆಟೋಲಿ ಆಸ್ಪತ್ರೆಗೆ ಹೊರಟಿದೀವಿ, ನೀವು ಬನ್ನಿ." ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ನಾನು ಹೇಗೆ ತಲುಪಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಬೇಗ ಕರೆತಂದದ್ದರಿಂದ ಜೀವಕ್ಕೆ ಅಪಾಯವಿಲ್ಲ ಎಂದರು ಅಲ್ಲಿನ ಡಾಕ್ಟರು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಬಾಯಿಯೊಳಗೇ ಉಳಿದುಬಿಡುತ್ತಿತ್ತು.

ಮನೆಗೆ ಬಂದ ಮೇಲಿನ ತಿಂಗಳುಗಳು ನಿಧಾನದ ತಿಂಗಳುಗಳು. ಮೊದಲು ಕಾಲು ಸುಧಾರಿಸಿತು. ಊರುಗೋಲು ಹಿಡಿದು ಹಾಲಿನಿಂದ ಅಡುಗೆಮನೆಯವರೆಗೆ ನಡೆಯುವಂತಾದರು. ಮಾತೂ ಒಂದೊಂದೇ ಪದವಾಗಿ ಹಿಂದಿರುಗಿತು. ಆದರೆ ಮಾತು ಬಂದರೂ ಅವರು ಮಾತಾಡುತ್ತಿರಲಿಲ್ಲ. ಬಲಗೈ ಮಾತ್ರ ಹಿಂದೆ ಬಿತ್ತು. ಬೆರಳುಗಳು ಮುಚ್ಚಿಕೊಳ್ಳುತ್ತಿದ್ದವು, ಆದರೆ ತೆರೆಯುವುದಕ್ಕೆ ಎಡಗೈಯ ಸಹಾಯ ಬೇಕು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಮೇಡಂ ಒಂದು ತಟ್ಟೆಯಲ್ಲಿ ಅವರೆಕಾಳು ಹಾಕಿ, ಒಂದೊಂದಾಗಿ ಎತ್ತಿ ಲೋಟಕ್ಕೆ ಹಾಕಿ ಅಂಕಲ್ ಎನ್ನುತ್ತಿದ್ದರು. ಇವರು ಎರಡು ಕಾಳು ಎತ್ತಿ, ತಟ್ಟೆ ಪಕ್ಕಕ್ಕೆ ತಳ್ಳಿ, ಕಿಟಕಿ ಕಡೆ ನೋಡುತ್ತಾ ಕೂರುತ್ತಿದ್ದರು.

ಅರೆಕೆರೆಯ ಡಾಕ್ಟರು ಎರಡು ಮೂರು ಸಲ ಬಂದರು. ಇವರು ಮಲಗಿದವರಂತೆ ಕಣ್ಣು ಮುಚ್ಚಿಕೊಂಡರು. ಅವರು ಹಾಲಿನಲ್ಲಿ ಅತ್ತೆಯ ಜೊತೆ ಹಸುಗಳ ವಿಷಯ ಮಾತಾಡಿ, ಕಾಫಿ ಕುಡಿದು ಹೋದರು. ಹಿಂದಿನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ನಾನೂ ಅದರ ಮಾತು ಎತ್ತಲಿಲ್ಲ.

ಆ ಬಾಗಿಲು ತೆರೆದವಳು ನಮ್ಮ ಮನೆಕೆಲಸಕ್ಕೆ ಬರುವವಳು. ಹಬ್ಬ ಹತ್ತಿರ ಬಂದಿತ್ತು. ಮನೆಯೆಲ್ಲಾ ಗುಡಿಸಿ ಒರೆಸು ಎಂದು ನಾನೇ ಹೇಳಿ ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ, ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ ಪಾತ್ರೆಗಳ ಸಾಲಿನಲ್ಲಿ ಒಂದು ಟ್ಯಾಂಕ್ ಒಣಗುತ್ತಾ ಕೂತಿತ್ತು.

"ಅಕ್ಕ, ಅದೆಷ್ಟ್ ಧೂಳು ಹಿಡ್ದಿತ್ತು ಅಂತೀರ! ಬರೀ ಬಟ್ಟೇಲಿ ಹೋಗ್ಲಿಲ್ಲ. ಪೌಡರ್ ಹಾಕಿ ಬ್ರಷ್ಷಲ್ಲಿ ತಿಕ್ಕಿ ಫಳಫಳ ಅನ್ಸಿದೀನಿ. ಒಂದ್ ಕಡೆ ತುಕ್ಕೂ ಹಿಡ್ದಿತ್ತು. ಅದೊಂಚೂರು ಉಳ್ಕೊಂಡಿದೆ, ನಾಳೆ ಹುಣಸೆಹಣ್ಣು ಹಾಕಿ ನೋಡ್ತೀನಿ," ಎಂದಳು ಹೆಮ್ಮೆಯಿಂದ.

ಇವರು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. ಮರೆಮಾಚೋಣವೆಂದು ಸೆರಗಿನಲ್ಲಿ ಸುತ್ತಿಕೊಂಡು ತಿರುಗುವಷ್ಟರಲ್ಲಿ ಊರುಗೋಲಿನ ಸದ್ದು. ಇವರು ಬಾಗಿಲಲ್ಲೇ ನಿಂತಿದ್ದರು. ಎಡಗೈ ಚಾಚಿದರು. ನಾನು ಕೊಟ್ಟೆ. ಟ್ಯಾಂಕನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಮಣ್ಣೆಲ್ಲಾ ಹೋಗಿತ್ತು, ಅಂಚುಗಳಲ್ಲಿ ಬಣ್ಣವೇ ಎದ್ದು ಪ್ಲಾಸ್ಟಿಕ್ ಕಾಣುತ್ತಿತ್ತು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದರು. ಬಾಯಿ ಒಂದು ಕಡೆ ಮಾತ್ರ ಏಳುವ ನಗು. ಅವರು ನಕ್ಕು ಎಷ್ಟೋ ತಿಂಗಳಾಗಿತ್ತು.

"ಹುಣಸೆ... ಹಣ್ಣಂತೆ," ಎಂದರು. ಹೇಳಿ ಮತ್ತೆ ನಕ್ಕರು. ಕೆಲಸದವಳು ಏನೂ ಅರ್ಥವಾಗದೆ ತಾನೂ ನಕ್ಕಳು. ಅತ್ತೆ ಒಳಗಿನಿಂದ, "ಏನದು, ಏನಾಯ್ತು?" ಎಂದು ಕೂಗುತ್ತಲೇ ಇದ್ದರು. ಆ ಸಂಜೆ ಇವರು ತಾವಾಗಿಯೇ ಹಿಂದಿನ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು.

ಮರುದಿನ ಬ್ರಷ್ಷು ಹಿಡಿಯಲು ನೋಡಿದರು. ಬಲಗೈಗೆ ಅದು ನಿಲ್ಲಲಿಲ್ಲ. ಎಡಗೈಯಲ್ಲಿ ಹಿಡಿದು ಒಂದು ಬೆಲ್ಟಿನ ಮೇಲೆ ಎಳೆದರೆ ಗೆರೆ ಹೊಟ್ಟೆಯ ಮೇಲೆ ಹೋಗಿ ಗಲ್ಲ ಮುಟ್ಟಿತು. ಬ್ರಷ್ಷನ್ನು ಮೆಲ್ಲಗೆ ಕೆಳಗಿಟ್ಟರು. ಸಿಟ್ಟಿನಿಂದ ಎಸೆದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮೇಜಿನ ಮೇಲೆ ಕಪ್ಪು ಪ್ರೈಮರ್ ಮಾತ್ರ ಹೊಡೆದು ಬಿಟ್ಟ ಇನ್ನರ್ಧ ಸೈನ್ಯ ಸಾಲಾಗಿ ನಿಂತಿತ್ತು.

"ನೀವ್ ಹೇಳ್ಕೊಡಿ. ನಾನ್ ಹಚ್ತೀನಿ," ಎಂದೆ.

ಶಾಲೆಯಲ್ಲಿ ಸಸ್ಯಶಾಸ್ತ್ರದ ಚಿತ್ರಗಳನ್ನು ನೀಟಾಗಿ ಬಿಡಿಸುತ್ತಿದ್ದೆ ಎಂಬುದೊಂದೇ ನನ್ನ ಧೈರ್ಯ. ನನ್ನ ಮೊದಲ ಸೈನಿಕನ ಮುಖ ಬೇಯಿಸಿದ ಆಲೂಗಡ್ಡೆಯಂತಾಯಿತು. ಬಣ್ಣವನ್ನು ಹಾಲಿನಷ್ಟು ತೆಳು ಮಾಡಬೇಕು, ಒಮ್ಮೆಗೇ ಮೆತ್ತಬಾರದು, ಒಣಗಿದ ಮೇಲೆ ಇನ್ನೊಂದು ತೆಳುಪದರ ಎಂದು ಅವರು ಮುರಿದ ಮಾತುಗಳಲ್ಲೇ ಹೇಳಿಕೊಡುತ್ತಿದ್ದರು. "ನೀರು." "ಜಾಸ್ತಿ ಆಯ್ತು." "ಬಟ್ಟೆಗೆ ಒರ್ಸು." "ಉಸ್ರು ಬಿಡು, ಉಸ್ರು ಬಿಡು." ಇಡೀ ದಿನ ಮಾತಾಡದವರು ಆ ಕೋಣೆಯಲ್ಲಿ ಮಾತಾಡಲೇಬೇಕಾಗಿತ್ತು. ಇಲ್ಲದಿದ್ದರೆ ನಾನು ತಪ್ಪು ಮಾಡುತ್ತಿದ್ದೆ. ಕೆಲವು ವಾರಗಳಲ್ಲಿ ಅವರ ವಾಕ್ಯಗಳು ಉದ್ದವಾದವು, ನನ್ನ ಗೆರೆಗಳು ಸಣ್ಣಗಾದವು.

ಅಷ್ಟೇ ಅಲ್ಲ, ನನಗೆ ಅದು ಇಷ್ಟವಾಗತೊಡಗಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಅಪಘಾತ, ಆಸ್ಪತ್ರೆ, ಸಾವಿನ ಕಾಗದಗಳನ್ನು ನೋಡುವವಳು ನಾನು. ಮನೆಗೆ ಬಂದರೆ ಮಾತ್ರೆ, ಎಣ್ಣೆ, ವ್ಯಾಯಾಮ. ಇವೆರಡರ ನಡುವೆ ಒಬ್ಬ ಸೈನಿಕನ ಕಾಲರಿನ ಮೇಲೆ ಕೂದಲೆಳೆಯಷ್ಟು ಹಳದಿ ಗೆರೆ ಎಳೆಯುವಾಗ ತಲೆಯಲ್ಲಿ ಬೇರೇನೂ ಇರುತ್ತಿರಲಿಲ್ಲ. ಗುಂಡಿಗಳೆಂದರೆ ನನಗೆ ವಿಶೇಷ ಪ್ರೀತಿ. ಒಂದು ತಂಡವನ್ನು ಮುಗಿಸಿ, ಕೆಂಪು ಕಾಲರು, ಹೊಳೆಯುವ ಗುಂಡಿ, ಬೂದು ಕೋಟಿನ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದ ದಿನ ಅತ್ತೆಯನ್ನು ಕರೆದು ತೋರಿಸಿದೆ. "ಗೊಂಬೆ ಹಬ್ಬಕ್ಕೆ ಕೂರಿಸ್ಬೋದು," ಎಂದರು ಅತ್ತೆ. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಜಗಳವಾದದ್ದು ಅದಾದ ಮೇಲೆ. ನಾನು ಕಾಫಿ ತರಲು ಹೋಗಿದ್ದೆ. ತಿರುಗಿ ಬಂದಾಗ ಇವರು ಎಡಗೈಯಲ್ಲಿ ಸ್ಪಂಜಿನ ಚೂರು ಹಿಡಿದು, ನನ್ನ ಹತ್ತು ಜನರಲ್ಲಿ ಮೊದಲನೆಯವನ ಭುಜ, ಹೆಲ್ಮೆಟ್ಟು, ಎದೆಯ ಮೇಲೆಲ್ಲಾ ಕಂದು ಒತ್ತಿಬಿಟ್ಟಿದ್ದರು. ಗುಂಡಿಗಳ ಮೇಲೂ.

"ಏನ್ರೀ ಇದು! ಮೂರು ಭಾನುವಾರ ಕೂತ್ಕೊಂಡ್ ಮಾಡಿದೀನಿ!"

"ಇನ್ನೂ ಮುಗ್ದಿಲ್ಲ ಇದು. ಹಳೇದ್ ಮಾಡ್ಬೇಕು."

"ಬೇಡ. ನನ್ನವ್ರನ್ನ ಹಾಗೇ ಬಿಡಿ. ನಿಮ್ಮ ಟ್ಯಾಂಕ್ ಬೇಕಾದ್ರೆ ಏನಾದ್ರೂ ಮಾಡ್ಕೊಳಿ."

"ಇವ್ರೆಲ್ಲಾ ಒಂದೇ ಸೈನ್ಯ ಕಣೇ. ಅವ್ರು ಕೆಸರಲ್ಲಿ ಬಂದಿದಾರೆ. ಇವ್ರೇನು ಮದ್ವೆ ಮನೆಯಿಂದ ಬಂದ್ರಾ?"

"ನಾನು ಬರೀ ಕೊಳೆ ತೆಗ್ದೂ ತೆಗ್ದೂ ಸಾಕಾಗಿದೀನಿ," ಎಂದೆ. ಯಾವ ಕೊಳೆ ಎಂದು ಅವರು ಕೇಳಲಿಲ್ಲ. ಹಾಸಿಗೆ ಹಿಡಿದ ಆ ಮೊದಲ ತಿಂಗಳುಗಳ ಮಾತು ಅದು ಎಂದು ಇಬ್ಬರಿಗೂ ತಿಳಿದಿತ್ತು. ಅವರ ಮುಖ ಇಳಿದುಹೋಯಿತು. ನಾನು ಉಳಿದ ಒಂಬತ್ತು ಜನರನ್ನು ಒಂದು ಸಿಹಿತಿಂಡಿಯ ಡಬ್ಬಿಯಲ್ಲಿ ತುಂಬಿ ಬೀರುವಿನಲ್ಲಿ ಇಟ್ಟೆ. ಕೆಲವು ದಿನ ಆ ಕೋಣೆಗೆ ಇಬ್ಬರೂ ಹೋಗಲಿಲ್ಲ. ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ ಎಂಬಷ್ಟೇ ಮಾತು.

ಆ ವಾರವೇ ತಲಘಟ್ಟಪುರಕ್ಕೆ ಹೋಗಬೇಕಾಗಿ ಬಂತು. ಅಲ್ಲಿ ನಮ್ಮದೊಂದು ಖಾಲಿ ಸೈಟಿದೆ. ಪಕ್ಕದ ಸೈಟಿನವರು ಮನೆ ಕಟ್ಟಲು ಶುರುಮಾಡಿದ್ದರು, ಮೇರೆ ಕಲ್ಲು ಜರುಗಿದೆ ಬಂದು ನೋಡಿ ಎಂದು ಹೇಳಿಕಳಿಸಿದ್ದರು. ನಾನೊಬ್ಬಳೇ ಹೊರಟಿದ್ದೆ. ಇವರು ಚಪ್ಪಲಿ ಬಿಟ್ಟು ಬೂಟು ಹಾಕಿಕೊಡು ಎಂದು ಕಾಲು ಮುಂದೆ ಚಾಚಿದರು. ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಅವರು ಆವರೆಗೆ ಹೊರಟಿರಲಿಲ್ಲ.

ಕಲ್ಲು ಎಲ್ಲಿಯೂ ಜರುಗಿರಲಿಲ್ಲ, ಪೊದೆಯಲ್ಲಿ ಮುಚ್ಚಿಹೋಗಿತ್ತು ಅಷ್ಟೆ. ಕೆಲಸ ಬೇಗ ಮುಗಿಯಿತು. ಹಿಂದಿನ ದಿನ ಮಳೆ ಬಂದು ಕೆಂಪು ಮಣ್ಣೆಲ್ಲಾ ಕಲಸಿತ್ತು. ಪಕ್ಕದ ಸೈಟಿನಲ್ಲಿ ಪಾಯ ಅಗೆಯುವ ಹಳದಿ ಜೆಸಿಬಿ ನಿಂತಿತ್ತು. ಇವರು ಊರುಗೋಲು ಊರುತ್ತಾ ಅದರ ಹತ್ತಿರ ಹೋದರು. ಬಿದ್ದುಬಿಟ್ಟಾರೆಂದು ನಾನೂ ಹಿಂದೆಯೇ ಹೋದೆ.

"ನೋಡಿಲ್ಲಿ," ಎಂದರು. ಜಗಳವಾದ ಮೇಲೆ ಬೇಕು ಬೇಡಗಳಾಚೆ ಅದೇ ಮೊದಲ ಮಾತು. "ಚಕ್ರದ ಹತ್ರ ಮಣ್ಣು ಕಪ್ಪಗಿದೆ, ಇನ್ನೂ ಹಸಿ. ಮೇಲ್ಗಡೆ ಒಣ್ಗಿ ಬೆಳ್ಳಗಾಗಿದೆ. ಇಲ್ಲಿ ನೋಡು, ಡ್ರೈವರ್ ಕಾಲಿಟ್ಟು ಹತ್ತೋ ಜಾಗ. ಇಲ್ಲಿ ಬಣ್ಣಾನೇ ಇಲ್ಲ, ಕಬ್ಬಿಣ ಹೊಳೀತಿದೆ. ಅಲ್ಲಿ ಹಿಡ್ಕೊಳೋ ಹಿಡಿ, ಅದೂ ಹೊಳೀತಿದೆ. ಬೇರೆ ಕಡೆ ಎಲ್ಲಾ ತುಕ್ಕು."

ಜೆಸಿಬಿಯ ನೆರಳಲ್ಲಿ ಕೂತು ಊಟ ಮಾಡುತ್ತಿದ್ದ ಡ್ರೈವರ್ ಇಣುಕಿ ನೋಡಿದ. "ಏನ್ ಸಾರ್, ತಗೊಳೋ ಪ್ಲಾನಾ?"

"ಇಲ್ಲಪ್ಪ, ಸುಮ್ನೆ ನೋಡ್ತಿದೀನಿ. ನಮ್ಮನೇಲೂ ಇಂಥದ್ದಿದೆ, ಚಿಕ್ದು," ಎಂದು ಇವರು ಅಂಗೈಯಗಲ ತೋರಿಸಿದರು. ಡ್ರೈವರ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಒಂದೊಂದು ಜಾಗವನ್ನೂ ಅವರು ತೋರಿಸುತ್ತಾ ಹೋದರು, ನಾನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಹೋದೆ. ಹಾಗೆ ತೆಗೆಯುವಾಗ ನನಗೆ ಅದು ಕೊಳೆ ಅನ್ನಿಸಲಿಲ್ಲ. ಯಾರು ಎಲ್ಲಿ ಕಾಲಿಟ್ಟರು, ಎಲ್ಲಿ ಕೈ ಹಿಡಿದರು, ಮಳೆ ಯಾವ ಕಡೆಯಿಂದ ಹೊಡೆಯಿತು, ಎಲ್ಲವೂ ಆ ಯಂತ್ರದ ಮೈಮೇಲೆ ಕಾಣುತ್ತಿತ್ತು. ಎಲ್ಲಿಯೂ ಸುಮ್ಮಸುಮ್ಮನೆ ಸವೆದಿರಲಿಲ್ಲ. ನನ್ನ ಸೈನಿಕರಿಗೆ ಗುಂಡಿಗಳಿದ್ದವು. ಆದರೆ ಆ ಗುಂಡಿಗಳನ್ನು ಯಾರೂ ಒಂದು ದಿನವೂ ಹಾಕಿ ಬಿಚ್ಚಿದಂತಿರಲಿಲ್ಲ.

ಕೆಳಗೆ ಫೋಟೋ ತೆಗೆಯಲು ಬಗ್ಗಿದಾಗ ಇವರ ಬೂಟು ಕಣ್ಣಿಗೆ ಬಿತ್ತು. ಬಲಗಾಲಿನ ಬೂಟಿನ ತುದಿ, ಹೆಬ್ಬೆರಳಿನ ಕಡೆ, ಚರ್ಮವೇ ಸವೆದು ಬಿಳಿಚಿಕೊಂಡಿತ್ತು. ದಿನಾ ವ್ಯಾಯಾಮಕ್ಕೆಂದು ಅದೇ ಬೂಟಿನಲ್ಲಿ ಮನೆ ಮುಂದೆ ಕಾಲು ಎಳೆದು ನಡೆದದ್ದರಿಂದ. ಎಡಗಾಲಿನದು ಹಾಗೇ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಇದ್ರದ್ದೂ ಒಂದ್ ಫೋಟೋ ತೆಗ್ಯೇ. ಕರೆಕ್ಟಾಗಿ ಸವ್ದಿದೆ," ಎಂದರು.

ಫೋಟೋ ತೆಗೆದೆ. ಮೇಲೇಳುವಾಗ ಅವರ ಬಲಗೈಯನ್ನೇ ಹಿಡಿದುಕೊಂಡು ಎದ್ದೆ. ಭಾರ ತಡೆಯುವಷ್ಟು ಬಿಗಿ ಅದಕ್ಕೆ ಬಂದಿತ್ತು.

ಮನೆಗೆ ಬಂದು ಬೀರುವಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. "ಮಾಡಿ. ಆದ್ರೆ ಎಲ್ಲಿ ಬೇಕೋ ಅಲ್ಲಿ ಮಾತ್ರ," ಎಂದೆ. ಅಂದಿನಿಂದ ಕೆಲಸ ಹಂಚಿಕೆಯಾಯಿತು. ನಾನು ಬಣ್ಣ ಹಚ್ಚಿ ಹೊಸದು ಮಾಡುವುದು, ಅವರು ಹಳೆಯದು ಮಾಡುವುದು. ಬ್ರಷ್ಷಿನ ಕೆಲಸಕ್ಕೆ ಬಾರದ ಅವರ ಎಡಗೈ ಸ್ಪಂಜಿಗೆ ಚೆನ್ನಾಗಿ ಒಗ್ಗಿತು. ಒಮ್ಮೆ ಒತ್ತಿದ ಹಾಗೆ ಇನ್ನೊಮ್ಮೆ ಒತ್ತಲು ಅದಕ್ಕೆ ಬರುತ್ತಿರಲಿಲ್ಲ. ಈ ಕೆಲಸಕ್ಕೆ ಬೇಕಾದದ್ದೂ ಅದೇ. ಪಕ್ಕಾ ಕೈಯವರು ಮಾಡಿದರೆ ಚುಕ್ಕೆಗಳೆಲ್ಲಾ ಒಂದೇ ಸಮನಾಗಿ ಬಿದ್ದು ಸುಳ್ಳಾಗಿ ಕಾಣುತ್ತವೆ. ನಾನೇ ಒಮ್ಮೆ ಮಾಡಿ ನೋಡಿದೆ, ನನ್ನ ಟ್ಯಾಂಕಿಗೆ ಸಿಡುಬು ಎದ್ದ ಹಾಗಿತ್ತು.

ಸೈನಿಕನನ್ನು ಹಿಡಿದುಕೊಳ್ಳಲು ಒಂದು ಕೈ ಬೇಕಲ್ಲ. ಖಾಲಿ ಮಾತ್ರೆ ಡಬ್ಬಿಯ ಮೇಲೆ ಅವನನ್ನು ಅಂಟಿಸಿ, ಆ ಡಬ್ಬಿಯನ್ನು ಬಲಗೈಯ ಮುಷ್ಟಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಹಿಡಿದು ತಿರುಗಿಸಿ, ಬಿಟ್ಟು, ಮತ್ತೆ ಹಿಡಿದು. ಅವರೆಕಾಳಿಗೆ ಒಲಿಯದ ಕೈ ಇದಕ್ಕೆ ಸ್ವಲ್ಪ ಒಲಿಯಿತು. ಫಿಸಿಯೋಥೆರಪಿಸ್ಟ್ ಮೇಡಂ ಬೆರಳುಗಳನ್ನು ಬಿಡಿಸಿ ನೋಡಿ, "ಅಂಕಲ್, ಸೂಪರ್! ಏನ್ ಎಕ್ಸರ್‌ಸೈಜ್ ಮಾಡ್ತಿದೀರಾ?" ಎಂದು ಕೇಳಿದರು. ಅತ್ತೆ ಹೇಳಿದರು: "ಕೆಸರು ಹಚ್ತಾವ್ನೆ." ಪವಾಡವೇನೂ ಆಗಲಿಲ್ಲ. ಸಹಿ ಹಾಕುವುದಕ್ಕೂ ಅವರಿಗೆ ಇವತ್ತಿಗೂ ಕಷ್ಟವೇ. ಆದರೆ ತಟ್ಟೆ ಜರುಗದಂತೆ ಹಿಡಿದುಕೊಳ್ಳುವುದು, ಅಂಗಿಯ ಗುಂಡಿ ಬಿಚ್ಚುವುದು ಬಂತು.

ಸೀಸೆಯ ಮಣ್ಣು ಮುಗಿದಾಗ ಮತ್ತೆ ತರಿಸಲು ಹೊರಟೆ. ಅತ್ತೆ ರಂಗೋಲಿಯ ಬದಿಗೆ ಬಳಿಯುವ ಕೆಮ್ಮಣ್ಣಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದರು. "ಇದ್ರಲ್ಲಿ ಹಚ್ಚು. ಯುದ್ಧಕ್ ಹೋಗೋರು ಯಾವೂರ್ ಮಣ್ಣಲ್ ನಡುದ್ರೇನು?" ಕೋಟಿನ ತುದಿಗೆ, ಬೂಟಿಗೆ ಅದನ್ನೇ ಹಚ್ಚಿದರು. ದೂರದ ಯಾವುದೋ ದೇಶದ ಆ ಸೈನ್ಯ ಕನಕಪುರ ರಸ್ತೆ ಹಿಡಿದು ನಡೆದು ಬಂದ ಹಾಗೆ ಕಾಣತೊಡಗಿತು.

ಒಂದು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಮುಖಕ್ಕೆ ಕೆಸರು, ತುಕ್ಕು ಏನೂ ಹಚ್ಚಕೂಡದು. ಅದೇಕೆಂದು ಅವರು ಕೇಳಿದರು. ಬೇಡ ಅಷ್ಟೇ ಎಂದೆ.

ಸೈನ್ಯ ಮುಗಿದ ಸುದ್ದಿ ಅರೆಕೆರೆಯ ಡಾಕ್ಟರಿಗೆ ಹೇಗೆ ಗೊತ್ತಾಯಿತೋ, ಪ್ರಾಯಶಃ ಅತ್ತೆಯೇ ಹೇಳಿರಬೇಕು, ಅವರು ಬಂದು ಒಬ್ಬೊಬ್ಬ ಸೈನಿಕನನ್ನೂ ಎತ್ತಿ ತಿರುಗಿಸಿ ನೋಡಿದರು. ಆಮೇಲೆ, "ಸಾರ್, ಭಾನುವಾರ ಆಡೋಣ. ಜಯನಗರಕ್ಕೆ ಬನ್ನಿ," ಎಂದರು. ಅಲ್ಲಿ ಒಂದು ಕಾಫಿ ಅಂಗಡಿಯ ಮೇಲಿನ ಹಾಲಿನಲ್ಲಿ ಈ ಆಟದವರೆಲ್ಲಾ ಸೇರುತ್ತಾರೆ.

"ಮೆಟ್ಲಿದೆ ಅಲ್ಲಿ," ಎಂದರು ಇವರು.

"ಇದೆ. ನಿಧಾನಕ್ ಹತ್ತೋಣ. ನಾನೇನ್ ಓಡ್ಸಲ್ಲ ನಿಮ್ಮನ್ನ."

ಸೀರೆಯ ಪೆಟ್ಟಿಗೆಗೆ ಸ್ಪಂಜು ಹಾಸಿ ಸೈನ್ಯವನ್ನು ಮಲಗಿಸಿಕೊಂಡು ಹೋದೆವು. ಮೆಟ್ಟಿಲು ಹತ್ತುವಾಗ ಡಾಕ್ಟರು ಹಿಂದೆ, ನಾನು ಪೆಟ್ಟಿಗೆ ಹಿಡಿದು ಮುಂದೆ, ಮಧ್ಯೆ ಇವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಮೇಲೆ ತಲುಪಿದಾಗ ಇವರ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಎದುರಾಳಿಯಾಗಿ ಸಿಕ್ಕಿದ್ದು ಒಬ್ಬ ಕಾಲೇಜು ಹುಡುಗಿ. ಅವಳ ಸೈನ್ಯ ನೀಲಿ ಬಿಳಿ, ಕನ್ನಡಿಯಂತೆ ಥಳಥಳ. ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಇವರು ಎಡಗೈಯಲ್ಲಿ ದಾಳ ಉರುಳಿಸಿದರು. ಟೇಪು ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು, ಆ ಇನ್ನೊಂದು ಕೈ ನಾನಾದೆ. ನಿಯಮ ಗೊತ್ತಿಲ್ಲದೆ ಅವರು ಹೇಳಿದ ಕಡೆ ಅವರು ಹೇಳಿದವನನ್ನು ಜರುಗಿಸುತ್ತಿದ್ದೆ. ನನ್ನ ಹತ್ತು ಜನ ಒಂದು ಮುರುಕು ಗೋಡೆಯ ಹಿಂದೆ ನಿಂತಿದ್ದರು. ಎರಡನೇ ಸುತ್ತಿನಲ್ಲೇ ಆ ಹುಡುಗಿಯ ದಾಳ ಚೆನ್ನಾಗಿ ಬಿದ್ದು, ಎಲ್ಲರನ್ನೂ ಎತ್ತಿ ಪಕ್ಕಕ್ಕಿಡಬೇಕಾಯಿತು. "ಇಷ್ಟ್ ಬೇಗಾನಾ?" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮೇಜಿನವರೂ ನಕ್ಕರು.

ಸೋತೆವು. ಆಟ ಮುಗಿದ ಮೇಲೆ ಒಂದಿಬ್ಬರು ಬಂದು ಟ್ಯಾಂಕುಗಳನ್ನು ಕೈಗೆತ್ತಿಕೊಂಡು ನೋಡಿದರು. "ಸಖತ್ತಾಗಿದೆ ಗುರು ವೆದರಿಂಗು. ಇಷ್ಟು ನ್ಯಾಚುರಲ್ ಆಗಿ ಹೇಗ್ ಮಾಡಿದ್ರಿ ಅಂಕಲ್?" ಎಂದು ಒಬ್ಬ ಕೇಳಿದ. ಇವರು ಎಡಗೈ ಎತ್ತಿ ತೋರಿಸಿದರು. "ಬಣ್ಣ ನಮ್ಮ ಮನೆಯವರದು. ನಾನು ಬರೀ ಹಳೇದ್ ಮಾಡೋನು," ಎಂದರು ಇವರು. ಅಷ್ಟು ಜನರ ಮುಂದೆ ಅವರು ತಡವರಿಸದೆ ಆಡಿದ ಮೊದಲ ಮಾತು ಅದೇ ಇರಬೇಕು.

ಆ ಕಾಲೇಜು ಹುಡುಗಿ ನನ್ನ ಹತ್ತು ಜನರಲ್ಲಿ ಒಬ್ಬನನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಕೋಟೆಲ್ಲಾ ಇಷ್ಟು ಕೊಳೆ ಆಗಿದೆ, ಮುಖ ಮಾತ್ರ ಈಗ್ತಾನೆ ತೊಳ್ಕೊಂಡ್ ಬಂದ ಹಾಗಿದೆ ಅಲ್ವಾ?"

ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ನಾನ್ ಹೇಳ್ಲಿಲ್ವಾ ಎನ್ನುವಂತೆ.

"ಹೌದಮ್ಮ. ದಿನಾ ತೊಳ್ಸ್ತೀನಿ," ಎಂದೆ. ಹುಡುಗಿ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಆ ಮೊದಲ ದಿನಗಳಲ್ಲಿ ಇವರ ಮುಖವನ್ನು ನಾನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ, ಎಳೆದುಕೊಂಡಿದ್ದ ತುಟಿಯ ಪಕ್ಕ ಜೊಲ್ಲು ಇಳಿಯದಂತೆ. ಒರೆಸಿದಾಗ ಒಂದು ಕ್ಷಣ ಮುಖ ಮೊದಲಿನ ಹಾಗೇ ಕಾಣುತ್ತಿತ್ತು. ಅದನ್ನು ಆ ಹುಡುಗಿಗೆ ಹೇಗೆ ಹೇಳುವುದು? ಇವರಿಗೂ ನಾನದನ್ನು ಹೇಳಿಲ್ಲ.

ಈಗ ಇವರು ಬೆಳಗಿನ ಹೊತ್ತು ಅಂಗಡಿಗೆ ಹೋಗುತ್ತಾರೆ. ಮಧ್ಯಾಹ್ನ ಮನೆ. ಇನ್ನೊಂದು ಸೈನ್ಯ ಶುರುವಾಗಿದೆ, ಇದು ಕಾಡಿನವರದು, ಹಸಿರು ಕಂಬಳಿ ಹೊದ್ದವರು. ಈ ಕಾಡಿನವರನ್ನು ಹಳೆಯದು ಮಾಡುವ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ಪಾಚಿ ಇರಲಿ, ಕೆಸರು ಬೇಡ ಎಂಬುದು ನನ್ನ ಮಾತು. ಕಾಡಲ್ಲಿ ಕೆಸರಿಲ್ದೆ ಇರುತ್ತಾ ಎಂಬುದು ಅವರದು.

ಕಳೆದ ತಿಂಗಳು ಒಂದು ಭಾನುವಾರ ನನಗೆ ಜ್ವರದ ಹಾಗಿತ್ತು. ನೀನ್ ಮಲ್ಕೋ, ನಾನು ಹೋಗ್ಬರ್ತೀನಿ ಎಂದರು. ಪೆಟ್ಟಿಗೆಗೆ ಪಟ್ಟಿ ಹೊಲಿಸಿ ಹೆಗಲಿಗೆ ಹಾಕಿಕೊಳ್ಳುವಂತೆ ಮಾಡಿಸಿಕೊಂಡಿದ್ದರು. ನಾನು ಬೇಡವೆನ್ನುವಷ್ಟರಲ್ಲಿ ಆಟೋ ಬಂದು ನಿಂತಿತ್ತು. ಮೆಟ್ರೋ ಸ್ಟೇಷನ್ನಿನಿಂದ ಒಂದು ಫೋನು, ಜಯನಗರದಲ್ಲಿ ಇಳಿದು ಒಂದು ಫೋನು, ಹಾಲಿಗೆ ತಲುಪಿ ಇನ್ನೊಂದು. "ಹತ್ತಿದೆ ಮೆಟ್ಲು. ಯಾರೂ ಹಿಡ್ಕೊಂಡಿಲ್ಲ," ಎಂದು ಫೋನಿಟ್ಟರು. ನಾನು ಅತ್ತೆ ಕೊಟ್ಟ ಮೆಣಸಿನ ಸಾರು ಕುಡಿದು ಮಲಗಿದೆ. ಇವರಿಗೆ ಹುಷಾರು ತಪ್ಪಿದ ಮೇಲೆ ಹಗಲು ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿರಲೇ ಇಲ್ಲ. ಎದ್ದಾಗ ಸಂಜೆಯಾಗಿತ್ತು, ಹಾಲಿನಲ್ಲಿ ಅವರ ದನಿ ಕೇಳುತ್ತಿತ್ತು. ಯಾವ ಟ್ಯಾಂಕು ಎಲ್ಲಿ ನಿಂತಿತ್ತು, ಯಾರು ಯಾರನ್ನು ಹೇಗೆ ಹೊಡೆದರು ಎಂದು ತಮ್ಮ ತಾಯಿಗೆ ವಿವರಿಸುತ್ತಿದ್ದರು. ಅತ್ತೆ ಬೀನ್ಸ್ ಮುರಿಯುತ್ತಾ, "ಆಮೇಲೆ?" "ಆಮೇಲೆ?" ಎಂದು ಕೇಳುತ್ತಿದ್ದರು.